ಪದಚರ್ಚೆ: ಮೂವತ್ತು ದಾಟಿದ ಸ್ವಲೀನ ವ್ಯಕ್ತಿಗೆ ‘ಮಗು’, ‘ಅದು’ ಬಿಟ್ಟು ಬೇರೆ ಮಾತು ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಹದಿಹರೆಯದ ಮತ್ತು ಅದನ್ನು ದಾಟಿದ ಸ್ವಲೀನರ, ಎಂದರೆ ಆಟಿಸಂ ಇರುವವರ, ಬಗ್ಗೆ ಮನೆಯವರು ಓದಲೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ತಿಳಿದಿದೆ ಎಂಬ ಧೈರ್ಯದಿಂದ ಶುರುಮಾಡಿದೆ. ಆದರೆ ಪುಟಕ್ಕೊಂದು ಕಡೆ ಪದ ಕೈಕೊಡುತ್ತಿದೆ. ಅವನ್ನೆಲ್ಲ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಸರ್ವನಾಮದ ಪ್ರಶ್ನೆ. ನನ್ನ ತಮ್ಮನಿಗೆ ಈಗ 31 ವರ್ಷ, ಅವನು ಸ್ವಲೀನ. ಹಲ್ಲುನೋವೆಂದು ಅವನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಬರೆಯುತ್ತಿದ್ದವರು ಅವನನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, ‘ಮಗೂಗೆ ಎಷ್ಟು ವಯಸ್ಸು? ಅದು ಮಾತಾಡುತ್ತಾ?’ ಎಂದರು. ‘ನನಗೆ 31 ವರ್ಷ 4 ತಿಂಗಳು’ ಎಂದು ಅವನೇ ಹೇಳಿದ. ಆಮೇಲೂ ‘ಅದಕ್ಕೆ ಯಾವ ಕಡೆ ನೋವು?’ ಎಂದು ನನ್ನನ್ನೇ ಕೇಳಿದರು. ಅವರ ದನಿಯಲ್ಲಿ ಇದ್ದದ್ದು ಕರುಣೆಯೇ. ಆದ್ದರಿಂದಲೇ ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕನ್ನಡದಲ್ಲಿ ‘ಮಗು’ ನಪುಂಸಕಲಿಂಗ. ಮಗು ಅಳುತ್ತಿದೆ, ಮಗು ಮಲಗಿತು. ಬಹುವಚನಕ್ಕೆ ಬಂದೊಡನೆ ಮಕ್ಕಳು ಅಳುತ್ತಿದ್ದಾರೆ, ಮಕ್ಕಳು ಮಲಗಿದರು. ಒಬ್ಬಂಟಿ ಮಗು ‘ಅದು’, ನಾಲ್ಕು ಮಕ್ಕಳು ಸೇರಿದರೆ ‘ಅವರು’. ಬೆಳೆಯುತ್ತ ಹೋದಂತೆ ಒಂದೊಂದು ಮಗುವೂ ‘ಅದು’ವಿನಿಂದ ‘ಅವನು’, ‘ಅವಳು’ಗಳಿಗೆ ದಾಟುತ್ತದೆ, ಮುಂದೆ ಒಂದು ದಿನ ಅಪರಿಚಿತರ ಬಾಯಲ್ಲಿ ‘ಅವರು’ ಆಗುತ್ತದೆ. ಯಾರೂ ತಾರೀಖು ಗೊತ್ತುಮಾಡದಿದ್ದರೂ ಎಲ್ಲರಿಗೂ ತಿಳಿಯುವ ದಾಟು ಅದು. ನನ್ನ ತಮ್ಮನಂಥವರನ್ನು ನಮ್ಮ ವ್ಯಾಕರಣ ಆ ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತದೆ. ಹವ್ಯಕ ಕನ್ನಡದಲ್ಲಿ ಹೆಣ್ಣಿಗೂ ‘ಅದು’ ಎನ್ನುವುದು ಸಹಜ, ಅಲ್ಲಿ ತಿರಸ್ಕಾರವಿಲ್ಲ ಎಂದು ಯಾರಾದರೂ ನೆನಪಿಸಬಹುದು. ನಿಜ, ಅಲ್ಲಿ ಅದು ಎಲ್ಲ ಹೆಣ್ಣುಮಕ್ಕಳಿಗೂ ಸಲ್ಲುತ್ತದೆ. ನಾನು ಹೇಳುತ್ತಿರುವ ‘ಅದು’ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಮಾತ್ರ ಅಂಟಿಕೊಳ್ಳುವಂಥದ್ದು.

ಈ ಅಭ್ಯಾಸ ಕನ್ನಡದ್ದೊಂದೇ ಅಲ್ಲ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗಿನಿಂದ ಆಟಿಸಂ ಎಂದರೆ ಮಕ್ಕಳದ್ದು ಎಂಬ ಭಾವನೆ ಬೇರೂರಿತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಅದು ಮೊದಲ ಸಲ ಪ್ರತ್ಯೇಕ ಹೆಸರು ಪಡೆದಾಗಲೂ ಹೆಸರಿನಲ್ಲೇ ‘ಶೈಶವ’ ಇತ್ತು. ಆ ವಿಶೇಷಣ ಬಿದ್ದುಹೋದದ್ದು 1987ರಲ್ಲಿ. ಕ್ಯಾನರ್ ಸ್ವತಃ 1971ರಲ್ಲಿ ಆ ಹನ್ನೊಂದು ಜನ ಏನಾದರೆಂದು ಹುಡುಕಿ ಬರೆದರು. ಅವರಲ್ಲಿ ಮೊದಲನೆಯವರಾದ ಡೊನಾಲ್ಡ್ ಟ್ರಿಪ್ಲೆಟ್ ಬ್ಯಾಂಕಿನಲ್ಲಿ ಕೆಲಸ ಮಾಡಿದರು, 27ನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು, 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡರು. ಆ ಹನ್ನೊಂದರಲ್ಲಿ ಕೆಲವರ ಬದುಕು ಸಂಸ್ಥೆಗಳ ಗೋಡೆಯೊಳಗೇ ಸವೆಯಿತು. ಇವರೆಲ್ಲರ ಕಥೆಯನ್ನು ಕನ್ನಡದಲ್ಲಿ ಹೇಳಹೊರಟರೆ ‘ಸ್ವಲೀನ ಮಕ್ಕಳು’ ಎಂಬ ಸಿದ್ಧ ಜೋಡಿಪದ ಎಷ್ಟು ದೂರ ಬಂದೀತು?

ಹಾಗಾದರೆ ದೊಡ್ಡವರಿಗೆ ಯಾವ ಪದ? ‘ವಯಸ್ಕ’ ಸರಿಯೇ, ಆದರೆ ಅರ್ಜಿ ನಮೂನೆಯ ವಾಸನೆ ಇದೆ. ‘ಪ್ರೌಢ’ ಎಂದರೆ ಓದುಗರಿಗೆ ಪ್ರೌಢಶಾಲೆ ನೆನಪಾಗಿ ವಯಸ್ಸು ಹದಿನಾಲ್ಕಕ್ಕೆ ಇಳಿಯುತ್ತದೆ. ‘ಪ್ರಬುದ್ಧ’ ತೀರ್ಪು ಕೊಡುವ ಪದ, ಅದನ್ನು ಎಲ್ಲರಿಗೂ ಹಂಚಲಾಗದು. ಸದ್ಯಕ್ಕೆ ‘ಬೆಳೆದ ಸ್ವಲೀನರು’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

‘ಬೆಳವಣಿಗೆ’ಯಲ್ಲೇ ತೊಡಕಿದೆ. ಅದು ಮೈಗೂ ಮನಸ್ಸಿಗೂ ಒಟ್ಟಿಗೆ ಸಲ್ಲುವ ಪದ. ಆದ್ದರಿಂದ ‘ಬೆಳವಣಿಗೆಯ ತೊಂದರೆ’ ಎಂದೊಡನೆ ಜನ ಎಲ್ಲವೂ ಒಂದೇ ಕಡೆ ನಿಂತಿದೆ ಎಂದು ತಿಳಿಯುತ್ತಾರೆ. ‘ಮೈ ಮೂವತ್ತರದು, ಮನಸ್ಸು ಐದರದು’ ಎನ್ನುವ ಮಾತು ಬರುವುದು ಇಲ್ಲಿಂದಲೇ. ನನ್ನ ಕೈಪಿಡಿಯಲ್ಲಿ ಆ ಮಾತನ್ನು ಒಡೆಯಲೇಬೇಕು. ಸ್ವಲೀನರ ಬೆಳವಣಿಗೆ ಏರುಪೇರಿನದು. ನನ್ನ ತಮ್ಮ ನನ್ನ ಬರಹದ ಕರಡು ತಿದ್ದುತ್ತಾನೆ. ಅಲ್ಪಪ್ರಾಣ ಮಹಾಪ್ರಾಣದ ಒಂದು ತಪ್ಪೂ ಅವನ ಕಣ್ಣು ತಪ್ಪಿಸದು. ಆದರೆ ಸ್ನಾನಕ್ಕೆ ಹೋಗು ಎಂದು ಯಾರಾದರೂ ಹೇಳದಿದ್ದರೆ ಸಂಜೆಯಾದರೂ ಎದ್ದಿರುವುದಿಲ್ಲ. ಸೋಮಾರಿತನವಲ್ಲ ಅದು. ಒಂದು ಕೆಲಸ ಬಿಟ್ಟು ಇನ್ನೊಂದನ್ನು ಶುರುಮಾಡುವ, ಮುಂದಿನ ಹೆಜ್ಜೆಯನ್ನು ತಾನೇ ಯೋಜಿಸುವ ಶಕ್ತಿ ಅವನಲ್ಲಿ ಬೇರೆಯೇ ವೇಗದಲ್ಲಿ ಬೆಳೆಯುತ್ತಿದೆ. ಬುದ್ಧಿಶಕ್ತಿ ಚೆನ್ನಾಗಿರುವ ಸ್ವಲೀನ ಯುವಜನರಲ್ಲೂ ದಿನನಿತ್ಯದ ಸ್ವಂತ ಕೆಲಸಗಳು ಹೀಗೆ ಹಿಂದುಳಿಯುವುದು ತುಂಬ ಕಾಣುವ ಸಂಗತಿ. ಒಂದೇ ಅಂಕಿಯ ‘ಮಾನಸಿಕ ವಯಸ್ಸು’ ಇದನ್ನು ಹೇಳಲಾರದು. ‘ಮಾಗು’ ಎಂಬ ಹಳೆಯ ಪದ ಇಲ್ಲಿ ಒದಗೀತೇ? ಒಂದೇ ಗೊಂಚಲಿನ ಕಾಯಿಗಳೆಲ್ಲ ಒಂದೇ ದಿನ ಮಾಗುವುದಿಲ್ಲ. ‘ಮಾಗುವಿಕೆ’ಯನ್ನು ಶೀರ್ಷಿಕೆಯಲ್ಲಿ ಬಳಸಿದರೆ ಕಾವ್ಯದಂತೆ ಕೇಳಿಸೀತೇ, ಹೇಳಿ.

ಹರೆಯದ ಅಧ್ಯಾಯಕ್ಕೆ ಬಂದಾಗ ಕನ್ನಡದ ಮುಸುಕು ಮಾತುಗಳೇ ಅಡ್ಡ ಬಂದವು. ಹೆಣ್ಣುಮಕ್ಕಳಿಗೆ ನಾವು ‘ದೊಡ್ಡವಳಾದಳು’ ಎನ್ನುತ್ತೇವೆ, ‘ಮುಟ್ಟು’ ಎನ್ನುತ್ತೇವೆ. ಮಾತನ್ನು ಮಾತಿನಷ್ಟಕ್ಕೇ ತೆಗೆದುಕೊಳ್ಳುವ ಹುಡುಗಿ ‘ದೊಡ್ಡವಳಾದೆ’ ಎಂದು ಕೇಳಿ ತನ್ನ ಎತ್ತರ ಅಳೆದುಕೊಳ್ಳುತ್ತಾಳೆ. ‘ಮುಟ್ಟು’ ಎಂದರೆ ಏನನ್ನು ಮುಟ್ಟಬೇಕು? ಅದೇ ವಯಸ್ಸಿನಲ್ಲೇ ‘ಯಾರಿಗೂ ನಿನ್ನ ಮೈ ಮುಟ್ಟಲು ಬಿಡಬೇಡ’ ಎಂಬ ಪಾಠವನ್ನೂ ಅವಳಿಗೆ ಕಲಿಸಬೇಕು. ಅತಿ ಮುಖ್ಯವಾದ ಎರಡು ವಿಷಯಗಳಿಗೆ ಒಂದೇ ಪದ. ನಾನು ‘ತಿಂಗಳ ರಕ್ತಸ್ರಾವ’ ಎಂದು ಬಿಡಿಸಿ ಬರೆದಿದ್ದೇನೆ, ಅದು ಬರುವ ಮೊದಲೇ ಚಿತ್ರ ತೋರಿಸಿ ಹೇಳಿ ಎಂದೂ ಬರೆದಿದ್ದೇನೆ. ಹುಡುಗರಿಗೆ ‘ಗಂಟಲು ಒಡೆದಿದೆ’ ಎನ್ನುವುದೂ ಹೀಗೆಯೇ. ಒಡೆಯುವುದು ಮಡಕೆ, ಗಾಜು. ತನ್ನೊಳಗೆ ಏನೋ ಒಡೆಯಿತೆಂದು ಹೆದರಿ ವಾರಗಟ್ಟಲೆ ಮಾತು ನಿಲ್ಲಿಸಿದ್ದ ತಮ್ಮನನ್ನು ನಾನು ನೋಡಿದ್ದೇನೆ. ‘ದನಿ ದಪ್ಪವಾಗುತ್ತಿದೆ, ಎಲ್ಲ ಹುಡುಗರಿಗೂ ಹೀಗಾಗುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು. ಆ ವಯಸ್ಸಿನಲ್ಲಿ ಕೆಲವರಿಗೆ ಮೊದಲ ಬಾರಿ ಮೂರ್ಛೆರೋಗ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಪದದ ತೊಂದರೆಯಿಲ್ಲ, ಎಚ್ಚರ ಬೇಕು ಅಷ್ಟೇ.

‘ರಚ್ಚೆ’ ಹಾಗಲ್ಲ. ಸದ್ದು, ಬೆಳಕು, ಜನಜಂಗುಳಿ ಮಿತಿಮೀರಿ ಇಪ್ಪತ್ತೈದರ ಹುಡುಗಿ ಕುಸಿದು ಕೂತು ಅಳುವುದನ್ನು ರಚ್ಚೆ, ರಂಪ, ಹಟ ಎಂದರೆ ಬೇಕಾದ್ದು ಸಿಗಲೆಂದು ಮಾಡಿದಳು ಎಂಬ ಅರ್ಥ ಬಂತು. ಅವಳಿಗೆ ಬೇಕಾದದ್ದು ಏನೂ ಇಲ್ಲ, ತಡೆಯಲಾಗಲಿಲ್ಲ. ‘ಕಟ್ಟೆಯೊಡೆಯುವುದು’ ಎಂದು ಬರೆದಿದ್ದೇನೆ. ಹೊರಗೆ ಸಿಡಿಯದೆ ಮಾತು ನಿಂತು ಒಳಸರಿಯುವುದಕ್ಕೆ ‘ಮುದುಡಿಕೊಳ್ಳುವುದು’. ಇವೆರಡೂ ನಿಮಗೆ ಒಪ್ಪಿಗೆಯಾದರೆ ಇಲ್ಲಿಗೇ ಬಿಡೋಣ.

ನನಗೆ ಅತಿ ಕಷ್ಟವಾಗಿರುವ ಪದ ಮುಂದಿನದು. ಹದಿಹರೆಯದಿಂದಾಚೆಗೆ ಅನೇಕ ಸ್ವಲೀನರು, ಅದರಲ್ಲೂ ಹುಡುಗಿಯರು, ಸುತ್ತಲಿನವರನ್ನು ನೋಡಿ ನೋಡಿ ಅವರಂತೆ ನಡೆದುಕೊಳ್ಳುವುದನ್ನು ಕಲಿಯುತ್ತಾರೆ. ಕಣ್ಣಿನಲ್ಲಿ ಕಣ್ಣಿಡುವುದು ಹಿಂಸೆಯಾದರೂ ಇಡುತ್ತಾರೆ, ಎಲ್ಲರೂ ನಕ್ಕಾಗ ನಗುತ್ತಾರೆ, ಬೆರಳಾಡಿಸುವ ಆಸೆಯನ್ನು ಜೇಬಿನೊಳಗೆ ಅದುಮಿಡುತ್ತಾರೆ. ಅಮೆರಿಕದ ಮನೋವೈದ್ಯರ ಅದೇ ಕೈಪಿಡಿಯ 2013ರ ಆವೃತ್ತಿಯೇ ಹೇಳುತ್ತದೆ: ಲಕ್ಷಣಗಳು ಬಾಲ್ಯದಿಂದ ಇದ್ದರೂ ಸಮಾಜದ ಬೇಡಿಕೆ ಅವರ ಶಕ್ತಿಯನ್ನು ಮೀರುವವರೆಗೆ ಪೂರ್ತಿ ಕಾಣದಿರಬಹುದು, ಕಲಿತುಕೊಂಡ ಉಪಾಯಗಳ ಮರೆಯಲ್ಲೂ ಇರಬಹುದು. ಮೂವತ್ತು ನಲವತ್ತರಲ್ಲಿ ತಾವು ಸ್ವಲೀನರೆಂದು ಮೊದಲ ಬಾರಿ ತಿಳಿಯುವವರು ಹೀಗೆ ಮರೆಯಲ್ಲಿದ್ದವರು. ಈ ಕ್ರಿಯೆಗೆ ‘ಮುಖವಾಡ’ ಎಂದು ಕೆಲವರು ಬರೆಯುತ್ತಾರೆ. ಕನ್ನಡದಲ್ಲಿ ಮುಖವಾಡ ಕಳಚಿ ಬೀಳಬೇಕಾದದ್ದು, ತೊಟ್ಟವನು ಕಪಟಿ. ‘ಸೋಗು’, ‘ನಟನೆ’ ಇನ್ನೂ ಕಟು. ಬದುಕಿಕೊಳ್ಳಲು ಕಲಿತ ವಿದ್ಯೆಯನ್ನು ಮೋಸವೆಂದು ಕರೆಯಲು ನನಗೆ ಕೈ ಬಾರದು. ‘ಹೊಂದಿಕೊಳ್ಳುವುದು’ ಎಂದರೆ ನೋವೇ ಮಾಯವಾಗುತ್ತದೆ. ಸಂಕಟ ನುಂಗಿಕೊಳ್ಳುವುದು ಎನ್ನುತ್ತೇವಲ್ಲ, ಹಾಗೆ ‘ತನ್ನತನ ನುಂಗಿಕೊಳ್ಳುವುದು’ ಎಂದು ಕರಡಿನಲ್ಲಿದೆ. ಅರ್ಥ ಸರಿ, ಉದ್ದವಾಯಿತು. ಇದಕ್ಕೊಂದು ಗಿಡ್ಡ, ಕಳಂಕವಿಲ್ಲದ ಪದ ನಿಮ್ಮ ಸೀಮೆಯ ಮಾತಿನಲ್ಲಿದ್ದರೆ ದಯವಿಟ್ಟು ಕೊಡಿ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ.

ವರ್ಷಗಟ್ಟಲೆ ಹೀಗೆ ನುಂಗಿಕೊಂಡವರು ಒಂದು ದಿನ ಪೂರ್ತಿ ಕೈಚೆಲ್ಲುತ್ತಾರೆ. ಬರುತ್ತಿದ್ದ ಮಾತೂ ಬಾರದು, ಮಾಡುತ್ತಿದ್ದ ಕೆಲಸವೂ ಆಗದು. ತಿಂಗಳುಗಟ್ಟಲೆ ಹಾಗಿರಬಹುದು. ಇದಕ್ಕೆ ನಮ್ಮಲ್ಲಿ ಅತ್ಯಂತ ಸೂಕ್ತ ಪದವಿದೆ: ಬಳಲಿಕೆ. ಬಳಲಿ ಬೆಂಡಾಗುವುದು ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಆದರೆ ಪತ್ರಿಕೆಗಳು ಆ ಪದವನ್ನು ಮೊದಲೇ ಖರ್ಚುಮಾಡಿಬಿಟ್ಟಿವೆ. ‘ಆಟಿಸಂನಿಂದ ಬಳಲುತ್ತಿರುವ’ ಎಂಬ ಅಚ್ಚು ಎಷ್ಟು ಸಲ ಬಿದ್ದಿದೆಯೆಂದರೆ, ನನ್ನ ತಮ್ಮ ನಗುನಗುತ್ತ ಕರಡು ತಿದ್ದುವಾಗಲೂ ಬಳಲುತ್ತಿರುವವನೇ. ನಿಜವಾಗಿ ಬಳಲಿದ ದಿನ ಹೇಳಲು ಪದ ಉಳಿದಿಲ್ಲ. ಬಳಗದಲ್ಲಿ ಪತ್ರಿಕೆಗಳಿಗೆ ಬರೆಯುವವರು ಇದ್ದೀರಿ. ‘ಆಟಿಸಂ ಇರುವ’ ಅಥವಾ ಬರಿಯ ‘ಸ್ವಲೀನ’ ಎಂದು ಬರೆದು ಆ ಪದವನ್ನು ಬಿಡಿಸಿಕೊಡಿ.

‘ಸ್ವಲೀನ’ದ ಬಗ್ಗೆಯೂ ಒಂದು ಮಾತು. ಬ್ಲಾಯ್ಲರ್ ಎಂಬ ಸ್ವಿಸ್ ಮನೋವೈದ್ಯರು 1910ರ ಸುಮಾರಿಗೆ ‘ತಾನು’ ಎಂಬರ್ಥದ ಗ್ರೀಕ್ ಪದದಿಂದ ಆಟಿಸಂ ಎಂದು ಕಟ್ಟಿದ್ದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಒಂದು ಲಕ್ಷಣಕ್ಕೆ. ನಮ್ಮ ‘ಸ್ವ’ ಆ ‘ತಾನು’ವಿನ ನೇರ ಅನುವಾದ. ಆದರೆ ನನ್ನ ತಮ್ಮ ತನ್ನಲ್ಲಿ ಲೀನನಾಗುವುದನ್ನು ನಾನು ಕಂಡಿಲ್ಲ. ಅವನು ಲೀನನಾಗುವುದು ಅಕ್ಷರಗಳಲ್ಲಿ, ಹಳೆಯ ರೈಲು ವೇಳಾಪಟ್ಟಿಗಳಲ್ಲಿ, ಮಳೆ ನಿಂತ ಮೇಲೂ ತೊಟ್ಟಿಕ್ಕುವ ನೀರಿನ ಲೆಕ್ಕದಲ್ಲಿ. ಅದಕ್ಕೆ ‘ತಲ್ಲೀನ’ ಎಂಬ ಪದ ನಮ್ಮಲ್ಲೇ ಇದೆ, ಅದನ್ನು ಹೊಗಳಿಕೆಯಾಗಿಯೇ ಬಳಸುತ್ತೇವೆ. ಹೆಸರು ಬದಲಿಸಿ ಎನ್ನುತ್ತಿಲ್ಲ, ‘ಸ್ವಲೀನ’ ಈಗ ನೆಲೆಯೂರಿದೆ. ಕೈಪಿಡಿಯ ಒಳಪುಟದಲ್ಲಿ ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಮನಸ್ಸಿದೆ.

ಉತ್ತರಿಸುವಾಗ ಬರಿಯ ಪದ ಕಳಿಸಬೇಡಿ, ಅದನ್ನು ಬಳಸಿ ಒಂದು ವಾಕ್ಯವನ್ನೂ ಬರೆಯಿರಿ, ವಾಕ್ಯದಲ್ಲಿ ಆ ವ್ಯಕ್ತಿ ‘ಅವರು’ ಆಗಿರಲಿ. ಬಂದದ್ದನ್ನೆಲ್ಲ ತಮ್ಮನ ಮುಂದಿಡುತ್ತೇನೆ. ಯಾವುದು ತನಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಅವನು ಗುರುತುಹಾಕಿ ಕೊಟ್ಟದ್ದನ್ನು ಇಲ್ಲಿಗೆ ತಿರುಗಿ ಬರೆಯುತ್ತೇನೆ.