ಪ್ರತಿ ಸಲ 1ನೇ ನೋಡೇ ಲೀಡರ್, ಆಮೇಲೆ ಡೇಟಾ ಮಾಯ

ತೋಟದಮನೆ:
ತಲೆ ಕೆಟ್ಟುಹೋಗಿದೆ. ಅಡಿಕೆ ತೋಟದ ಮಣ್ಣಿನ ತೇವ ಅಳೆಯಲು ಒಂಬತ್ತು ನೋಡ್ (ಸೆನ್ಸರ್ ಪೆಟ್ಟಿಗೆ) ಇಟ್ಟಿದ್ದೇನೆ, ಎಲ್ಲದರಲ್ಲೂ ಎನ್‌ಆರ್‌ಎಫ್24 ರೇಡಿಯೋ ಮಾಡ್ಯೂಲ್. ಬ್ಯಾಟರಿ ಜಾಸ್ತಿ ಇರುವ ನೋಡ್ ಲೀಡರ್ ಆಗಬೇಕು, ಉಳಿದವುಗಳ ಡೇಟಾ ಕೂಡಿಸಿ ಮನೆಯ ಬೇಸ್‌ಗೆ ಕಳಿಸಬೇಕು. ಎಷ್ಟು ನಂಬಬಹುದು ಅಂತ ಒಂದೊಂದಕ್ಕೂ 0ರಿಂದ 1ರೊಳಗಿನ ಟ್ರಸ್ಟ್ ಅಂಕ ಬೇರೆ ಇದೆ. ಆದರೂ ಗೆಲ್ಲುವುದು 1ನೇ ನೋಡೇ. ಮನೆಗೆ ಏನೂ ಬರುವುದಿಲ್ಲ, ಅದರ ಅಂಕ ಮಾತ್ರ 0.99! ಕೋಡ್ ಸರಿ ಇದೆ, ಅದನ್ನು ಕೇಳಬೇಡಿ.

ಬೆಸುಗೆ_ಕಡ್ಡಿ:
ಕೆಪಾಸಿಟರ್. ಮಾಡ್ಯೂಲಿನ ವಿಸಿಸಿಗೂ (ಪವರ್ ಬರುವ ಪಿನ್) ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಹಾಕಿ, ವೋಲ್ಟೇಜ್ ಕುಸಿಯದಂತೆ ತಡೆಯುತ್ತದೆ. ಎನ್‌ಆರ್‌ಎಫ್‌ನ ಎಲ್ಲ ಕಾಯಿಲೆಗೂ ಅದೇ ಮದ್ದು.

ತೋಟದಮನೆ:
ಹಾಕಿದೆ ಸರ್, ಮೊದಲೇ.

ಬೆಸುಗೆ_ಕಡ್ಡಿ:
ಕಾಲು ಉದ್ದ ಬಿಟ್ಟಿರುತ್ತೀರಿ. ಪಿನ್ನಿಗೇ ಬೆಸೆಯಬೇಕು. 100 ಹಾಕಿ ನೋಡಿ.

ಸಿಗ್ನಲ್_ಸಿಗಲ್ಲ:
ಕೆಪಾಸಿಟರ್‌ಗೂ ಲೀಡರ್ ಆಯ್ಕೆಗೂ ಏನು ಸಂಬಂಧ ಮಾರಾಯ್ರೆ? ತೋಟದಮನೆ, ಬೋರ್ಡ್ ಯಾವುದು? ಪವರ್ ಎಲ್ಲಿಂದ? ಲಾಗ್ ಹಾಕಿ.

ತೋಟದಮನೆ:
ಆರ್ಡುಯಿನೋ ಪ್ರೊ ಮಿನಿ, 3.3 ವೋಲ್ಟಿನದು. ಎರಡು ಎಎ ಸೆಲ್ ನೇರ ವಿಸಿಸಿಗೆ. ಉದ್ದ ಆಂಟೆನಾದ ಮಾಡ್ಯೂಲ್. ಬ್ಯಾಟರಿ ಅಳೆಯಲು ಎರಡು ಸಮ ರೆಸಿಸ್ಟರ್, ಮಧ್ಯದಿಂದ ಎ0 ಪಿನ್ನಿಗೆ. ಅಲ್ಲಿ ಬಂದ ಓದು:
ನೋಡ್ 1: 514
ನೋಡ್ 2: 511
ನೋಡ್ 3: 512
ಉಳಿದವೂ ಹೀಗೇ. ಹೋದ ವಾರವೂ ಇಷ್ಟೇ ಇತ್ತು, ಸೆಲ್ ಚೆನ್ನಾಗಿಯೇ ಇವೆ.

ಸಿಗ್ನಲ್_ಸಿಗಲ್ಲ:
ಇದನ್ನು ಮೊದಲೇ ಹೇಳಬಾರದಿತ್ತಾ! ಸೆಲ್ ನೇರ ವಿಸಿಸಿಗೆ ಹೋದರೆ ಎಡಿಸಿ (ವೋಲ್ಟೇಜನ್ನು 0ರಿಂದ 1023ರ ಸಂಖ್ಯೆ ಮಾಡುವ ಭಾಗ) ಹೋಲಿಸುವುದೂ ಅದೇ ವಿಸಿಸಿಗೆ. ಅರ್ಧವನ್ನು ಪೂರ್ತಿಗೆ ಹೋಲಿಸಿದರೆ ಯಾವತ್ತೂ 512ರ ಆಸುಪಾಸು, ಸೆಲ್ ಸಾಯುತ್ತಿದ್ದರೂ ಅಷ್ಟೇ. 1ನೇ ನೋಡಿಗೆ ಸಿಕ್ಕ ಆ ಎರಡು ಅಂಕ ರೆಸಿಸ್ಟರ್‌ಗಳ ಹೆಚ್ಚುಕಮ್ಮಿ. ಚಿಪ್ಪಿನ ಒಳಗಿನ 1.1 ವೋಲ್ಟ್ ರೆಫರೆನ್ಸನ್ನು ವಿಸಿಸಿ ಎದುರು ಓದಿ, 1.1 ಗುಣಿಸು 1023 ಭಾಗಿಸು ಆ ಓದು. ನಿಜವಾದ ವೋಲ್ಟೇಜ್ ಸಿಗುತ್ತದೆ.

ಟ್ರಸ್ಟ್ ಅಂಕ ಆಟೋ ಆಕ್‌ನಿಂದ (ತಾನಾಗಿ ಬರುವ ‘ಮುಟ್ಟಿತು’ ಉತ್ತರ) ಎಣಿಸುತ್ತಿದ್ದೀರಿ ಅಲ್ವಾ? ಆ ಆಕ್ ಕೊಡುವುದು ರೇಡಿಯೋ ಚಿಪ್. ಪ್ಯಾಕೆಟ್ ಲೀಡರ್‌ಗೆ ಮುಟ್ಟಿತು ಅಂತ ಅಷ್ಟೇ ಅರ್ಥ. ನಿಮ್ಮ ಮಾಡ್ಯೂಲ್ ಕಳಿಸುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಸೋತ ಸೆಲ್ ಆಗ ಕುಸಿದು ಬೋರ್ಡ್ ರೀಸೆಟ್ ಆಗುತ್ತಿರಬೇಕು. ಡೇಟಾ ಅಲ್ಲೇ ಹೋಯಿತು, ಅಂಕ ಮಾತ್ರ ಏರಿತು.

ಬೆಸುಗೆ_ಕಡ್ಡಿ:
ಕುಸಿತ ಅಂದಿರಲ್ಲ! ಅದಕ್ಕೇ ನಾನು ಕೆಪಾಸಿಟರ್ ಅಂದದ್ದು.

ಹಳೇ_ಆಂಟೆನಾ:
ಲೀಚ್ ಹಾಕಿ ಸುಮ್ನಿರಿ, ಲೀಡರ್ ಆರಿಸುವ ಪದ್ಧತಿ ಅದು. 2000ದಲ್ಲೇ ಅಮೆರಿಕದ ಎಂಐಟಿಯವರು ಮಾಡಿಟ್ಟಿದ್ದಾರೆ. ಪ್ರತಿ ಸುತ್ತಿಗೂ ನೋಡ್ ತಾನೇ ಒಂದು ರ‍್ಯಾಂಡಮ್ ಸಂಖ್ಯೆ ತೆಗೆಯುತ್ತದೆ, ಮಿತಿಗಿಂತ ಕಮ್ಮಿ ಬಂದರೆ ಲೀಡರ್. ಬ್ಯಾಟರಿ ಕೇಳುವುದೇ ಬೇಡ. ನೂರು ನೋಡಿಗೆ 5 ಶೇಕಡಾ ಲೀಡರ್ ಸಾಕು.

ಸಿಗ್ನಲ್_ಸಿಗಲ್ಲ:
ಒಂಬತ್ತಕ್ಕೆ 5 ಶೇಕಡಾ ಅಂದರೆ ಅರ್ಧ ಲೀಡರ್! ಎಷ್ಟೋ ಸುತ್ತಲ್ಲಿ ಯಾರೂ ಇರುವುದಿಲ್ಲ. ಮೇಲಾಗಿ ಲೀಚ್ ಎಲ್ಲರನ್ನೂ ನಂಬುತ್ತದೆ. ಹ್ಯಾಕರ್ ಒಬ್ಬ ಜೋರು ಸಿಗ್ನಲ್‌ನಲ್ಲಿ ಕೂಗಿದರೆ ಅವನ ಹಿಂದೆ ಎಲ್ಲರೂ ಹೋಗುತ್ತಾರೆ ಅಂತ 2003ರಲ್ಲೇ ಕಾರ್ಲಾಫ್, ವ್ಯಾಗ್ನರ್ ಎಂಬ ಸಂಶೋಧಕರು ಬರೆದಿದ್ದರು.

ಬೆಸುಗೆ_ಕಡ್ಡಿ:
ತೋಟಕ್ಕೆ ಯಾವ ಹ್ಯಾಕರ್ ಬರ್ತಾನ್ರೀ? ಬಂದರೆ ಮಂಗ ಬರಬೇಕು.

ಸಿಗ್ನಲ್_ಸಿಗಲ್ಲ:
ಹ್ಯಾಕರ್ ಬೇಡ, ಸೋತ ಸೆಲ್ ಸಾಕು. ಪ್ಯಾಕೆಟ್ ನುಂಗುವುದು ಎರಡೂ ಒಂದೇ ಥರ. ತೋಟದಮನೆ, ಬೇಸ್ ಹೇಗೂ ಮನೆ ಕರೆಂಟಿನಲ್ಲಿದೆ. ಯಾವ ನಂಬರಿನ ಪ್ಯಾಕೆಟ್ ಬಂತು ಅಂತ ಅದೇ ಜೋರಾಗಿ ಎಲ್ಲರಿಗೂ ಹೇಳಲಿ. ಅದು ಕೇಳಿಸಿದರೆ ಮಾತ್ರ ಲೀಡರ್‌ಗೆ ಅಂಕ. ಹಳೇ ಅಂಕವನ್ನು ಪ್ರತಿ ಸುತ್ತಿಗೂ ಸ್ವಲ್ಪ ಕರಗಿಸಿ. ಇಲ್ಲದಿದ್ದರೆ ಬೀಟಾ ಲೆಕ್ಕದಲ್ಲಿ (ಸರಿ ಬಂದದ್ದಕ್ಕೆ 1, ಒಟ್ಟಿಗೆ 2 ಕೂಡಿಸಿ ಭಾಗಿಸುವುದು) 98 ಸಲ ಸರಿ ಮಾಡಿ ಆಮೇಲೆ 20 ಸಲ ಕೈಕೊಟ್ಟರೂ 99 ಭಾಗಿಸು 120, ಅಂದರೆ 0.825 ಉಳಿಯುತ್ತದೆ. ಮತ್ತೆ ಅವನೇ ಗೆಲ್ಲುತ್ತಾನೆ.

ಮೋಡ_ಮಳೆ:
ಇಷ್ಟೆಲ್ಲಾ ಯಾಕೆ? ನಾನು ದೂರ ಮುಟ್ಟುವ ಲೋರಾ ರೇಡಿಯೋ ಹಾಕಿದ್ದೇನೆ, 865-867 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ಮಾಳಿಗೆ ಮೇಲೆ ಎಲ್ಲದರ ಡೇಟಾ ನೇರ ಹಿಡಿಯುವ ಒಂದು ಗೇಟ್‌ವೇ. ಲೀಡರೂ ಇಲ್ಲ, ಜಗಳವೂ ಇಲ್ಲ. ಗುಡ್ಡದಾಚೆಯ ಗದ್ದೆಯೂ ಸಿಗುತ್ತದೆ. ಪೆಟ್ಟಿಗೆಯನ್ನೂ ನಾನೇ ತ್ರೀಡಿ ಪ್ರಿಂಟ್ ಮಾಡಿದ್ದು, ಫೋಟೋ ಬೇಕಾ?

ಹಳೇ_ಆಂಟೆನಾ:
ಗೇಟ್‌ವೇ ಕೆಟ್ಟರೆ ಪೂರ್ತಿ ತೋಟ ಕತ್ತಲು.

ಮೋಡ_ಮಳೆ:
ಇವರ ಬೇಸ್ ಕೆಟ್ಟರೆ ಏನು, ಬೆಳಕಾ?

ತೋಟದಮನೆ:
1.1 ವೋಲ್ಟಿನ ಕೋಡ್ ಹಾಕಿದೆ. 1ನೇದು 2.8 ವೋಲ್ಟ್ ಮಾತ್ರ ತೋರಿಸಿತು, ಈಗ 6ನೇದು ಲೀಡರ್. ಮನೆಗೆ ಡೇಟಾ ಬರುತ್ತಿದೆ. ಆದರೆ ಸಂಜೆ ಸ್ಪ್ರಿಂಕ್ಲರ್ ಹಾಕಿದಾಗ 6ನೇದೂ ಬಾಯಿ ಮುಚ್ಚುತ್ತದೆ. ಇದು ಬೇರೆ ಸಮಸ್ಯೆಯಾ?

ಬೆಸುಗೆ_ಕಡ್ಡಿ:
ಕೆಪಾಸಿಟರ್ ಫೋಟೋ ಹಾಕಿ.

ಹಳೇ_ಆಂಟೆನಾ:
ಮೋಡ_ಮಳೆ, ಆ ಗೇಟ್‌ವೇ ಎಷ್ಟಕ್ಕೆ ಬಿತ್ತು?