ಬ್ರಿಜ್‌ಗಾಗಿ ಪಕ್ಕದ ಒಳ್ಳೆಯ ಹಲ್ಲು ತೇಯಿಸಬೇಕಂತೆ, ಮಾಡಿಸಿಕೊಂಡವರು ಹೇಳಿ

ಮುಂಬೈ ಹತ್ತಿರದ ಠಾಣೆಯಿಂದ:
ಮೂರು ತಿಂಗಳ ಹಿಂದೆ ಎಡಗಡೆ ಕೆಳಗಿನ ದವಡೆ ಹಲ್ಲು ಕೀಳಿಸಿದೆ. ಈಗ ಗಾಯ ಮಾಗಿದೆ, ಬ್ರಿಜ್ ಹಾಕೋಣ ಎನ್ನುತ್ತಿದ್ದಾರೆ ಡಾಕ್ಟರು. ಅದಕ್ಕೆ ಅಕ್ಕಪಕ್ಕದ ಎರಡು ಹಲ್ಲು ತೇಯಬೇಕಂತೆ. ಕೇಳಿ ಎದೆ ಧಸಕ್ಕೆಂದಿತು. ಎಷ್ಟು ಸಲ ಹೋಗಬೇಕು? ನೋವು ಎಷ್ಟು? ಆಮೇಲೆ ಜೋಳದ ರೊಟ್ಟಿ, ಚಕ್ಕುಲಿ ತಿನ್ನಬಹುದಾ? ನನಗೆ 46. ನಮ್ಮ ಮನೆಯಲ್ಲಿ ಯಾರೂ ಮಾಡಿಸಿಕೊಂಡಿಲ್ಲ. ಶನಿವಾರ ಹೋಗಿ ಉತ್ತರ ಹೇಳಬೇಕು.

ಡೊಂಬಿವಲಿಯಿಂದ:
ನಾನು ಒಂದೇ ಜಾಗಕ್ಕೆ ಎರಡು ಸಲ ಬ್ರಿಜ್ ಹಾಕಿಸಿಕೊಂಡವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹೌದು, ತೇಯುತ್ತಾರೆ. ಬ್ರಿಜ್ ಅಂದರೆ ಒಂದಕ್ಕೊಂದು ಅಂಟಿದ ಮೂರು ಕ್ಯಾಪ್. ನಡುವಿನದಕ್ಕೆ ಬೇರಿಲ್ಲ, ಒಸಡಿನ ಮೇಲೆ ಸುಮ್ನೆ ಕೂತಿರುತ್ತದೆ. ಅದರ ಭಾರವನ್ನೆಲ್ಲ ಪಕ್ಕದ ಎರಡು ಹಲ್ಲು ಹೊರಬೇಕು. ಅವುಗಳ ಮೇಲೆ ಕ್ಯಾಪ್ ಕೂರಲು ಸುತ್ತ ಒಂದು, ಒಂದೂವರೆ ಮಿಲಿಮೀಟರ್, ಅಗಿಯುವ ಕಡೆ ಎರಡರ ತನಕ ತೇಯುತ್ತಾರೆ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಹೂಂ ಅನ್ನುವ ಮುಂಚೆ ಆ ಎರಡು ಹಲ್ಲಿನ ಎಕ್ಸ್‌-ರೇ ತೋರಿಸಿ ಅಂತ ಕೇಳಿ. ಬೇರು ಗಟ್ಟಿ ಇದೆಯಾ, ಸುತ್ತ ಎಲುಬು ಸಾಕಷ್ಟಿದೆಯಾ, ಹಳೆಯ ದೊಡ್ಡ ಫಿಲ್ಲಿಂಗ್ ಏನಾದರೂ ಇದೆಯಾ? ದೊಡ್ಡ ಫಿಲ್ಲಿಂಗ್ ಇದ್ದ ಹಲ್ಲಿಗೆ ಇವತ್ತಲ್ಲ ನಾಳೆ ಕ್ಯಾಪ್ ಬೇಕಾಗಬಹುದು. ಆಗ ಬ್ರಿಜ್ ಹಾಕಿಸುವುದಕ್ಕೆ ಅರ್ಥವಿದೆ. ಎರಡೂ ಹಲ್ಲು ಏನೂ ಆಗದೆ ಚೆನ್ನಾಗಿದ್ದರೆ ಇಂಪ್ಲಾಂಟ್ (ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕುವುದು) ಬಗ್ಗೆ ಕೇಳದೆ ಎದ್ದು ಬರಬೇಡಿ.

ನೋವಿನ ಬಗ್ಗೆ ಹೇಳುತ್ತೇನೆ. ಇಂಜೆಕ್ಷನ್ ಚುಚ್ಚುವಾಗ ಒಂದು ಕ್ಷಣ, ಅಷ್ಟೇ. ತೇಯುವಾಗ ನೋವಿಲ್ಲ. ಸದ್ದು ಜಾಸ್ತಿ, ಬಾಯಿ ತುಂಬ ನೀರು, ಒಂಥರಾ ಸುಟ್ಟ ವಾಸನೆ. ನನಗೆ ಕಷ್ಟವಾದದ್ದು ಗಂಟೆಗಟ್ಟಲೆ ಬಾಯಿ ತೆರೆದು ದವಡೆ ಸೋತದ್ದು. ಕೈ ಎತ್ತಿದರೆ ನಿಲ್ಲಿಸಿ ಅಂತ ಮೊದಲೇ ಮಾತಾಡಿಕೊಳ್ಳಿ. ತುಟಿ, ಕೆನ್ನೆ ಎರಡು ಮೂರು ಗಂಟೆ ಮರಗಟ್ಟಿರುತ್ತವೆ. ಅದು ಇಳಿಯುವವರೆಗೆ ಏನೂ ತಿನ್ನಬೇಡಿ, ಬಿಸಿ ಚಹಾ ಕೂಡ ಬೇಡ. ಲೋಕಲ್ ಟ್ರೇನಿನಲ್ಲಿ ಮನೆಗೆ ಬರುತ್ತಾ ಗೊತ್ತಿಲ್ಲದೆ ಕೆನ್ನೆ ಒಳಗೆ ಕಚ್ಚಿಕೊಂಡಿದ್ದೆ. ಹಲ್ಲಿಗಿಂತ ಆ ಹುಣ್ಣು ಜಾಸ್ತಿ ಕಾಡಿತು.

ಅವತ್ತೇ ಅಳತೆ ತೆಗೆಯುತ್ತಾರೆ. ಮೆತ್ತನೆ ಹಿಟ್ಟಿನಂಥದ್ದನ್ನು ಟ್ರೇಯಲ್ಲಿಟ್ಟು ಹಲ್ಲಿಗೆ ಒತ್ತುತ್ತಾರೆ. ವಾಂತಿ ಬಂದ ಹಾಗಾದರೆ ತಲೆ ಮುಂದೆ ಬಾಗಿಸಿ ಮೂಗಿನಲ್ಲಿ ಉಸಿರಾಡಿ. ಈಗ ಕೆಲವು ಕಡೆ ಸಣ್ಣ ಕ್ಯಾಮೆರಾದಲ್ಲೇ ಸ್ಕ್ಯಾನ್ ಮಾಡುತ್ತಾರೆ, ಎರಡನೇ ಸಲ ನನಗೆ ಹಾಗೇ ಆಯಿತು. ಬಣ್ಣ ಹೊಂದಿಸುವಾಗ ಕಿಟಕಿ ಬೆಳಕಿನಲ್ಲಿ ನೋಡಿ ಅನ್ನಿ.

ಆಮೇಲೆ ಲ್ಯಾಬ್‌ನಿಂದ ಬರುವ ತನಕ ಒಂದೆರಡು ವಾರ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಬ್ರಿಜ್ ಇರುತ್ತದೆ. ತಣ್ಣೀರು ತಾಗಿದರೆ ಹಲ್ಲು ಜುಂ ಅನ್ನಬಹುದು. ಆ ಕಡೆ ಅಗಿಯಬೇಡಿ. ಚಿಕ್ಕಿ, ಚಾಕಲೇಟಿನಂಥ ಅಂಟು ತಿಂಡಿ ಪೂರ್ತಿ ಬಿಡಿ. ಅದು ಕಳಚಿ ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಹಾಗೇ ಬಿಟ್ಟರೆ ಹಲ್ಲು ಸ್ವಲ್ಪ ಸರಿದು ಹೊಸ ಬ್ರಿಜ್ ಕೂರದೆ ಹೋಗಬಹುದು. ಮನೆಯ ಗೋಂದು ಮಾತ್ರ ಮುಟ್ಟಬೇಡಿ.

ಕೊನೆಯ ದಿನ ನೀಲಿ ಕಾಗದ ಕಚ್ಚಿಸಿ ಎಲ್ಲಿ ಎತ್ತರವಾಗಿದೆ ಅಂತ ನೋಡುತ್ತಾರೆ. ಇಲ್ಲಿ ದಾಕ್ಷಿಣ್ಯ ಬೇಡ. ಕೂದಲೆಳೆಯಷ್ಟು ಎತ್ತರವಿದ್ದರೂ ನಾಲಿಗೆಗೆ, ದವಡೆಗೆ ಗೊತ್ತಾಗುತ್ತದೆ. ಮೊದಲ ಸಲ ನಾನು ರೂಢಿಯಾಗುತ್ತದೆ ಅಂತ ಎರಡು ವಾರ ಸುಮ್ಮನಿದ್ದೆ. ಕಿವಿ ತನಕ ನೋವು ಬಂತು. ಹೋಗಿ ತೋರಿಸಿದ ಮೇಲೆ ಐದೇ ನಿಮಿಷದಲ್ಲಿ ಉಜ್ಜಿ ಸರಿ ಮಾಡಿದರು.

ಇಷ್ಟಾದರೂ ಆ ಮೊದಲ ಬ್ರಿಜ್ ಒಂಬತ್ತು ವರ್ಷಕ್ಕೆ ಹೋಯಿತು. ಬ್ರಿಜ್ ಮುರಿದಿರಲಿಲ್ಲ, ಅದರೊಳಗಿನ ಹಲ್ಲು ಹುಳುಕಾಗಿತ್ತು. ಬಾಯಿಂದ ಒಂದು ಥರ ವಾಸನೆ ಬರುತ್ತಿತ್ತು, ನನಗೆ ಗೊತ್ತಾಗಿರಲಿಲ್ಲ. ಮಗಳು ಹೇಳಿದಳು. ತೆಗೆದು ನೋಡಿದರೆ ಹಿಂದಿನ ಹಲ್ಲು ಅರ್ಧ ಕರಗಿತ್ತು. ರೂಟ್ ಕೆನಾಲ್ ಮಾಡಿ, ಅಂದರೆ ಒಳಗಿನ ನರ ತೆಗೆದು ತುಂಬಿ, ಹೇಗೋ ಉಳಿಸಿದರು. ಬ್ರಿಜ್ ಕೆಳಗೆ ದಿನಾ ಕ್ಲೀನ್ ಮಾಡಬೇಕು ಅಂತ ಮೊದಲನೇ ಕ್ಲಿನಿಕ್‌ನಲ್ಲಿ ಒಬ್ಬರೂ ಹೇಳಿರಲಿಲ್ಲ. ಇವತ್ತಿಗೂ ನನಗೆ ಅದರ ಬೇಜಾರಿದೆ.

ಪುಣೆಯಿಂದ:
ನಮ್ಮ ತಾಯಿಗೆ ಮಾಡಿಸಿದ್ದು. ಗದಗಿನ ಕಡೆಯವರು, ಮರಾಠಿ ಅಷ್ಟಕ್ಕಷ್ಟೇ. ಡಾಕ್ಟರು ಒಳ್ಳೆಯವರು. ‘ದಾಢ ಬಧಿರ ಕರತೋ’ ಅಂದರು. ಮರಾಠಿಯಲ್ಲಿ ಹಾಗಂದರೆ ಮರಗಟ್ಟಿಸುವುದು. ನಮ್ಮಲ್ಲಿ ಬಧಿರ ಅಂದರೆ ಕಿವುಡು ಅಲ್ವಾ? ಕಿವಿ ಹೋಗುತ್ತದೆ ಅಂತ ಅಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು. ಕೈ ನಡುಗುತ್ತಿತ್ತು. ಹೊರಗಿದ್ದ ನನ್ನನ್ನು ಕರೆಸಿ ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಒಳಗೇ ಜೊತೆಗಿರಿ. ಜುಂ ಅನ್ನುವುದು ಬೇರೆ, ಮಿಡಿಯುವ ನೋವು ಬೇರೆ. ತಣ್ಣಗಿನದಕ್ಕೆ ಜುಂ ಅನ್ನುವುದು ನಿಧಾನವಾಗಿ ಕಡಿಮೆಯಾಗುತ್ತದೆ. ರಾತ್ರಿ ಎಬ್ಬಿಸುವ ನೋವಾದರೆ ಒಳಗಿನ ನರಕ್ಕೆ ತೊಂದರೆ ಆಗಿರಬಹುದು, ಕಾಯಬಾರದು. ಈ ವ್ಯತ್ಯಾಸ ಡಾಕ್ಟರಿಗೆ ಅವರ ಭಾಷೆಯಲ್ಲಿ ಮುಟ್ಟಬೇಕು.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಒಸಡು ಸರಿ ಮಾಡಿಸಿಕೊಂಡೇ ಶುರು ಮಾಡಿದೆವು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ಹೇಳಬೇಕು. ಆದರೆ ತಾವಾಗಿ ಮಾತ್ರೆ ನಿಲ್ಲಿಸಬಾರದು.

ಮಡಗಾಂವ್‌ನಿಂದ:
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ರೇಟು ಒಂದು ಹಲ್ಲಿಗೆ ಹೇಳುತ್ತಾರೆ. ಹೋದದ್ದು ಒಂದೇ ಹಲ್ಲಾದರೂ ನೀವು ಕೊಡುವುದು ಮೂರಕ್ಕೆ. ರೂಟ್ ಕೆನಾಲ್ ಬೇಕಾದರೆ ಅದು ಬೇರೆ. ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಒಳಗೆ ಲೋಹ ಹೊರಗೆ ಪೋರ್ಸೆಲಿನ್ ಇರುವುದು ಅಗ್ಗ. ಆದರೆ ವರ್ಷ ಕಳೆದ ಹಾಗೆ ಒಸಡಿನ ಹತ್ತಿರ ಕಪ್ಪು ಗೆರೆ ಕಾಣಬಹುದು. ಹಿಂದಿನ ದವಡೆಗೆ ಅದೇನು ಕಾಣುವುದಿಲ್ಲ, ನಾನು ಅದನ್ನೇ ಹಾಕಿಸಿದೆ. ಲೋಹವಿಲ್ಲದ, ಹಲ್ಲಿನ ಬಣ್ಣದ ಜಿರ್ಕೋನಿಯಾ ದುಬಾರಿ. ಅಗ್ಗದ ಬಳೆ ಹಾಕಿದರೆ ಕೈ ತುರಿಸುತ್ತದೆ ಅನ್ನುವವರು ನಿಕಲ್ ಅಲರ್ಜಿ ಇರಬಹುದು ಅಂತ ಹೇಳಿಬಿಡಿ, ಅಗ್ಗದ ಬ್ರಿಜ್ ಒಳಗಿನ ಲೋಹದಲ್ಲಿ ನಿಕಲ್ ಇರುವುದುಂಟು. ನನ್ನದು ಬಾಂಬೋಳಿಯ ಗೋವಾ ಡೆಂಟಲ್ ಕಾಲೇಜಿನಲ್ಲಿ ಆಯಿತು. ಕಲಿಯುವ ಮಕ್ಕಳು ಮಾಡುತ್ತಾರೆ, ಪ್ರತಿ ಹಂತಕ್ಕೂ ಮೇಷ್ಟ್ರು ಬಂದು ನೋಡುತ್ತಾರೆ. ಖರ್ಚು ಕಡಿಮೆ, ಓಡಾಟ ಜಾಸ್ತಿ. ಮುಂಬೈಯವರಿಗೆ ನಾಯರ್ ಡೆಂಟಲ್ ಕಾಲೇಜು ಇದೆಯಲ್ಲ.

ಮಾಟುಂಗಾದಿಂದ:
ನಾನು ಇಂಪ್ಲಾಂಟ್ ಮಾಡಿಸಿದೆ. ಪಕ್ಕದ ಹಲ್ಲು ಮುಟ್ಟಲಿಲ್ಲ, ಅದೇ ಖುಷಿ. ಆದರೆ ಎಲುಬಿನಲ್ಲಿ ಸ್ಕ್ರೂ ಗಟ್ಟಿಯಾಗಲಿ ಅಂತ ನಾಲ್ಕು ತಿಂಗಳು ಕಾದೆ. ಯಾವುದು ಮಾಡಿಸಿದರೂ ಜಾಗ ಖಾಲಿ ಬಿಟ್ಟು ವರ್ಷ ತಳ್ಳಬೇಡಿ. ಪಕ್ಕದವು ವಾಲುತ್ತವೆ, ಮೇಲಿನ ಹಲ್ಲು ಕೆಳಗಿಳಿಯುತ್ತದೆ. ನನ್ನ ಅಣ್ಣನಿಗೆ ಹಾಗೇ ಆಯಿತು.

ಠಾಣೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೊಂಬಿವಲಿಯವರೇ, ಬ್ರಿಜ್ ಅಂಟಿಕೊಂಡೇ ಇರುತ್ತದಲ್ಲ, ಕೆಳಗೆ ಕ್ಲೀನ್ ಮಾಡುವುದು ಹೇಗೆ? ರೊಟ್ಟಿ ವಿಷಯ ಕೂಡ ಹೇಳಿ.

ಡೊಂಬಿವಲಿಯಿಂದ:
ಮೆಡಿಕಲ್ ಅಂಗಡಿಯಲ್ಲಿ ಸೂಪರ್‌ಫ್ಲಾಸ್ ಅಂತ ಕೇಳಿ. ಆ ದಾರದ ಒಂದು ತುದಿ ಸೂಜಿಯ ಹಾಗೆ ಗಟ್ಟಿ ಇರುತ್ತದೆ, ನಡುವೆ ಸ್ಪಂಜಿನಂಥ ಭಾಗ. ಗಟ್ಟಿ ತುದಿಯನ್ನು ಕೆನ್ನೆ ಕಡೆಯಿಂದ ಸುಳ್ಳು ಹಲ್ಲಿನ ಕೆಳಗೆ ತೂರಿಸಿ ನಾಲಿಗೆ ಕಡೆ ಎಳೆಯಿರಿ. ಸ್ಪಂಜಿನ ಭಾಗ ಒಳಗೆ ಬಂದ ಮೇಲೆ ಹಿಂದೆ ಮುಂದೆ ಆಡಿಸಿ. ಎರಡೂ ಕಡೆಯ ಹಲ್ಲಿಗೆ ಒರಗಿಸಿ ಉಜ್ಜಿ, ಹುಳುಕು ಹಿಡಿಯುವುದು ಅಲ್ಲೇ. ಮೊದಲ ವಾರ ಹತ್ತು ನಿಮಿಷ ಬೇಕಾಯಿತು, ಈಗ ಎರಡೇ ನಿಮಿಷ. ರಾತ್ರಿ ಮಲಗುವ ಮುಂಚೆ ಮಾಡುತ್ತೇನೆ. ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ. ಶನಿವಾರ ಹೋದಾಗ ಅವರ ಕೈಯಲ್ಲೇ ಕನ್ನಡಿ ಮುಂದೆ ಮಾಡಿ ತೋರಿಸಲು ಹೇಳಿ.

ರೊಟ್ಟಿ ಧಾರಾಳವಾಗಿ ತಿನ್ನಿ. ನಾನು ಮೆತ್ತಗಿನದನ್ನು ಮೂರನೇ ದಿನವೇ ತಿಂದೆ. ಖಡಕ್ ರೊಟ್ಟಿ, ಚಕ್ಕುಲಿ ಒಂದು ತಿಂಗಳ ಮೇಲೆ, ಸಣ್ಣ ತುಂಡು ಮಾಡಿ. ಗಟ್ಟಿ ಕೋಡುಬಳೆ, ಅಡಿಕೆ ಆ ಕಡೆ ಕಚ್ಚುವುದಿಲ್ಲ. ಸಂಕ್ರಾಂತಿಗೆ ಪಕ್ಕದ ಮನೆಯವರು ಕೊಟ್ಟ ತಿಳಗುಳ (ಎಳ್ಳು ಬೆಲ್ಲದ) ಲಾಡು ಗಟ್ಟಿಯಿತ್ತು. ಬಲಗಡೆ ಇಟ್ಟುಕೊಂಡು ಚೀಪಿ ತಿಂದೆ.