ಸಹಾಯ ಬೇಕು: ಮಗಳು ಕಣ್ಣಿನ ಪ್ಯಾಚ್ ಕಿತ್ತು ಬಿಸಾಕ್ತಾಳೆ

ಮಗಳಿಗೆ 5 ವರ್ಷ, ಎಡಗಣ್ಣು ಲೇಜಿ ಐ (ಆ ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆದಿಲ್ಲ). ಕನ್ನಡಕ ಹಾಕಿದ್ರೂ ಆ ಕಣ್ಣಲ್ಲಿ 6/24 ಅಷ್ಟೇ (ಬೇರೆಯವ್ರು 24 ಮೀಟರ್ ದೂರದಿಂದ ಓದೋದನ್ನ ಇವಳು 6 ಮೀಟರ್‌ನಿಂದ ಓದ್ಬೇಕು), ಅದಕ್ಕೆ ಎಡಗಣ್ಣಿಗೆ ಕೆಲಸ ಸಿಗ್ಲಿ ಅಂತ ಚೆನ್ನಾಗಿರೋ ಬಲಗಣ್ಣಿಗೆ ದಿನಾ 2 ಗಂಟೆ ಪ್ಯಾಚ್ ಹಾಕಿ ಅಂದಿದ್ದಾರೆ ಡಾಕ್ಟ್ರು (ನಮ್ಮತ್ತೆದು ದಿನಾ ಜಗಳ, ಒಳ್ಳೇ ಕಣ್ಣನ್ನೇ ಯಾಕೆ ಮುಚ್ತೀಯ ಅಂತ). ಚಿಟ್ಟೆ ಸ್ಟಿಕ್ಕರ್ ಅಂಟಿಸಿದೆ, ಕಾರ್ಟೂನ್ ಹಾಕ್ಕೊಟ್ಟೆ, ಆದ್ರೂ 20 ನಿಮಿಷಕ್ಕೆಲ್ಲ ಮೂಲೇನ ಉಗುರಲ್ಲಿ ಎಬ್ಬಿಸಿ ಕಿತ್ತೇ ಬಿಡ್ತಾಳೆ, ಹುಬ್ಬಿನ ಕೂದಲೂ ಜೊತೆಗೆ ಬಂದು ಚರ್ಮ ಕೆಂಪಗಾಗಿದೆ. ಕನ್ನಡಕಕ್ಕೆ ಸಿಕ್ಕಿಸೋ ಬಟ್ಟೆ ಪ್ಯಾಚ್ ತಂದ್ರೆ ಮೂಗಿನ ಪಕ್ಕದ ಸಂದಿಯಿಂದ ಇಣುಕ್ತಾಳೆ ಕಳ್ಳಿ. ಮುಂದಿನ ಚೆಕಪ್‌ಗೆ ಇನ್ನೂ ಮೂರು ವಾರ ಇದೆ, ಡಾಕ್ಟ್ರು ಫೋನಿಗೆ ಸಿಗ್ತಿಲ್ಲ. ನಿಮ್ಮ ಮಕ್ಕಳಿಗೆ ಪ್ಯಾಚ್ ಹಾಕಿಸಿರೋರು ಹೇಳಿ, 2 ಗಂಟೆ ಒಂದೇ ಸಲ ಆಗ್ಬೇಕಾ, ಇಲ್ಲಾ ಬೆಳಿಗ್ಗೆ ಒಂದು ಸಂಜೆ ಒಂದು ಅಂತ ಒಡೆದು ಹಾಕೋಕೆ ನಿಮ್ಮ ಡಾಕ್ಟ್ರು ಒಪ್ಪಿದ್ರಾ?